ಈಜುಕೊಳದ ಫಿಲ್ಟರ್ ಕಾರ್ಟ್ರಿಡ್ಜ್‌ಗೆ ನೇರವಾಗಿ ಆಸಿಡ್ ಹಾಕಿಸಬೇಡಿ

ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕನಕಪುರ ರಸ್ತೆ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆದ ಬೇಸಿಗೆ ಫಿಲ್ಟರ್ ತೊಳೆಯಲು ಬಂದ ಹುಡುಗನೊಬ್ಬ ಉಸಿರು ಕಟ್ಟಿ ಆಸ್ಪತ್ರೆ ಸೇರಿದ. ನಾನು ಆಗ ಮೇಂಟೆನೆನ್ಸ್ ಕಮಿಟಿಯಲ್ಲಿದ್ದೆ. ಪಂಪ್ ರೂಮಿನ ಬಾಗಿಲಲ್ಲೇ ನಿಂತಿದ್ದೆ.

ನಮ್ಮದು ಚಿಕ್ಕ ಕೊಳ. ಮೊದಲು ಮರಳಿನ ಫಿಲ್ಟರ್ ಇತ್ತು. ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು, ಮಾಡಿದಾಗಲೆಲ್ಲ ನೀರು ಸುಮ್ನೆ ಮೋರಿಗೆ ಹೋಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿತಲ್ಲ, ಆಮೇಲೆ ನಾವು ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿಸಿದೆವು. ಇದರಲ್ಲಿ ಬ್ಯಾಕ್‌ವಾಶ್ ಇಲ್ಲ. ಒಳಗಿರುವುದು ನೆರಿಗೆ ನೆರಿಗೆಯಾಗಿ ಮಡಿಸಿದ ಪಾಲಿಯೆಸ್ಟರ್ ಬಟ್ಟೆ. ತೆಗೆದು, ತೊಳೆದು, ಮತ್ತೆ ಕೂರಿಸಬೇಕು. ಆದರೆ ತೊಳೆಯುವುದು ಹೇಗೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕಾಂಟ್ರಾಕ್ಟರ್ ನೋಡಿಕೊಳ್ಳುತ್ತಾರೆ ಅಂದುಕೊಂಡೆವು.

ಏಪ್ರಿಲ್‌ನಲ್ಲಿ ನೀರು ಮಬ್ಬಾಯಿತು. ಫಿಲ್ಟರ್ ಮೇಲಿನ ಪ್ರೆಶರ್ ಗೇಜ್ 24 ಪಿಎಸ್‌ಐ ತೋರಿಸುತ್ತಿತ್ತು. ಪಿಎಸ್‌ಐ ಅಂದರೆ ಒತ್ತಡದ ಅಳತೆ, ಫಿಲ್ಟರ್ ಕಟ್ಟಿಕೊಂಡಷ್ಟೂ ಅದು ಏರುತ್ತದೆ. ಹೊಸದಾಗಿ ಹಾಕಿದಾಗ 12 ಇತ್ತು. ಕಾಂಟ್ರಾಕ್ಟರ್ ಕಳಿಸಿದ ಹುಡುಗ ಮೊದಲು ಕಾರು ತೊಳೆಯುವ ಪ್ರೆಶರ್ ವಾಷರ್ ತಂದು ನೆರಿಗೆಗಳ ಮೇಲೆ ಬಿಟ್ಟ. ಕಂದು ನೀರು ಇಳಿಯಿತು, ಆದರೂ ಬಟ್ಟೆ ಹಳದಿಯಾಗೇ ಉಳಿಯಿತು. "ಅಕ್ಕಾ, ಆಸಿಡ್ ಹಾಕಿದ್ರೆ ಒಂದೇ ಸಲಕ್ಕೆ ಬೆಳ್ಳಗಾಗುತ್ತೆ" ಅಂದ. ಹೂಂ ಅಂದೆ. ಅವತ್ತು ಬೇಡ ಅನ್ನಬೇಕಿತ್ತು.

ಒಟ್ಟು ನಾಲ್ಕು ಕಾರ್ಟ್ರಿಡ್ಜ್ ಇದ್ದವು. ಮೂರಕ್ಕೆ ಟಬ್ಬಿನಲ್ಲಿ ಆಸಿಡ್ ಹಾಕಿ ಮುಗಿಸಿದ. ನಾಲ್ಕನೆಯದಕ್ಕೆ ಅವನು ಮೂಲೆಯಲ್ಲಿದ್ದ ನೀಲಿ ಬಕೆಟ್ ಎಳೆದುಕೊಂಡ. ದಿನಾ ಕ್ಲೋರಿನ್ ಪುಡಿ ಕಲಸುವ ಬಕೆಟ್ ಅದು. ತಳದಲ್ಲಿ ಒಂದು ಹಿಡಿಯಷ್ಟು ಪುಡಿ ಒದ್ದೆಯಾಗಿ ಅಂಟಿಕೊಂಡಿತ್ತು. ಅದರ ಮೇಲೆ ಆಸಿಡ್ ಸುರಿದ. ಬುರಬುರ ಅಂತ ನೊರೆ ಬಂತು, ಹಸಿರು ಹಳದಿ ಹೊಗೆ ಎದ್ದಿತು. ಎರಡು ಸಲ ಕೆಮ್ಮಿ ಅವನು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನಮ್ಮ ಪಂಪ್ ರೂಮ್ ಇರುವುದು ಬೇಸ್‌ಮೆಂಟಿನಲ್ಲಿ. ಆ ಹೊಗೆ ಕ್ಲೋರಿನ್ ಅನಿಲ. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಕೂತವನ ಮುಖದ ಮಟ್ಟಕ್ಕೇ ಹೊಗೆ ಇತ್ತು. ಸೆಕ್ಯುರಿಟಿ ಅಣ್ಣ ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವನ ತೋಳು ಹಿಡಿದು ಎಳೆದು ತಂದರು. ರಾತ್ರಿಯೆಲ್ಲ ಆಕ್ಸಿಜನ್ ಹಾಕಿದ್ದರು. ಮೂರನೇ ದಿನ ಮನೆಗೆ ಹೋದ. ಅವನ ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಇಷ್ಟಾದರೂ ಕಾರ್ಟ್ರಿಡ್ಜ್ ಉಳಿಯಲಿಲ್ಲ. ನೋಡಲು ಬೆಳ್ಳಗಿದ್ದವು. ಕೂರಿಸಿದ ದಿನವೇ ಗೇಜ್ 19 ತೋರಿಸಿತು, ನಾಲ್ಕು ದಿನಕ್ಕೆ ಮತ್ತೆ 24. ಆಮೇಲೆ ಬಂದ ಹಿರಿಯ ಮೆಕ್ಯಾನಿಕ್ ಒಂದನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಪ್ರೆಶರ್ ವಾಷರ್ ಬಿದ್ದ ಕಡೆ ಬಟ್ಟೆ ಹಿಂಜಿದ ಹತ್ತಿಯ ಹಾಗಾಗಿತ್ತು, ಸೂಜಿ ಮೊನೆಯಷ್ಟು ತೂತುಗಳಿಂದ ಬೆಳಕು ಕಾಣುತ್ತಿತ್ತು. ಉಳಿದ ಕಡೆ ಜಿಡ್ಡು ಗಟ್ಟಿಯಾಗಿ ಕೂತಿತ್ತು. ನಮ್ಮ ಮಕ್ಕಳು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ನೀರಿಗೆ ಇಳಿಯುತ್ತಾರೆ, ಅಲ್ವಾ? ಅದರ ಜೊತೆ ಸನ್‌ಸ್ಕ್ರೀನ್ ಬೇರೆ. ಆ ಎಣ್ಣೆ ಇರುವಾಗಲೇ ಆಸಿಡ್ ತಗುಲಿದರೆ ಜಿಡ್ಡು ಬಟ್ಟೆಯ ಎಳೆಯೊಳಗೆ ಕೂತುಬಿಡುತ್ತದೆ, ಮತ್ತೆ ಬಿಡುವುದಿಲ್ಲ. ಮನೆಯಲ್ಲಿ ಹೇಳಿದಾಗ ಅಮ್ಮ ತಕ್ಷಣ ಅಂದರು: "ಹಿತ್ತಾಳೆ ದೀಪಕ್ಕೂ ಅಷ್ಟೇ ಕಣೇ. ಮೊದಲು ಸೀಗೆಪುಡಿಯಲ್ಲಿ ಜಿಡ್ಡು ತೆಗೆದು ಆಮೇಲೆ ಹುಣಸೆಹಣ್ಣು." ನಾಲ್ಕೂ ಹೊಸದು ತರಬೇಕಾಯಿತು. ಖರ್ಚು 40,000 ದಾಟಿತು.

ಈಗ ನಾವು ಮಾಡುವುದು ಹೀಗೆ. ಗೇಜ್ ಮೊದಲಿನ ಅಂಕಿಗಿಂತ 8-10 ಪಿಎಸ್‌ಐ ಏರಿದರೆ ತೊಳೆಯುವ ಸಮಯ. ಪಂಪ್ ಆಫ್ ಮಾಡಿ, ಮೇಲಿನ ವಾಲ್ವ್ ತಿರುಗಿಸಿ ಗಾಳಿ ಪೂರ್ತಿ ಬಿಟ್ಟು, ಗೇಜ್ ಸೊನ್ನೆಗೆ ಬಂದ ಮೇಲೆಯೇ ಮುಚ್ಚಳಕ್ಕೆ ಕೈ. ಒಳಗೆ ಒತ್ತಡ ಇರುವಾಗ ಬಿಚ್ಚಿದರೆ ಮುಚ್ಚಳ ಹಾರಿ ಮುಖಕ್ಕೆ ಬಡಿಯಬಹುದು. ತೊಳೆಯುವುದು ಗಿಡಕ್ಕೆ ನೀರು ಹಾಕುವ ಪೈಪಿನಲ್ಲಿ. ಮೇಲಿನಿಂದ ಕೆಳಗೆ, ಓರೆಯಾಗಿ, ಒಂದೊಂದೇ ನೆರಿಗೆ. ಬ್ರಷ್ ಬೇಡ. ಜಿಡ್ಡಿದ್ದರೆ ಕಾರ್ಟ್ರಿಡ್ಜ್ ಕ್ಲೀನರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಜಾಲಿಸುತ್ತೇವೆ.

ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ಸುಣ್ಣ ಕಟ್ಟುವುದು ಜಾಸ್ತಿ. ಅದಕ್ಕೆ ಮಾತ್ರ ಆಸಿಡ್, ಅದೂ ಜಿಡ್ಡು ಪೂರ್ತಿ ಹೋದ ಮೇಲೆ. 20 ಪಾಲು ನೀರಿಗೆ ಒಂದು ಪಾಲು ಆಸಿಡ್. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಆ ನೀರಿನ ಹನಿ ಬಟ್ಟೆ ಮೇಲೆ ಬಿದ್ದಾಗ ಗುಳ್ಳೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಬರದಿದ್ದರೆ ಆಸಿಡ್ ಬೇಕಾಗಿಯೇ ಇಲ್ಲ. ಈ ಕೆಲಸ ಬೇಸ್‌ಮೆಂಟಿನಲ್ಲಲ್ಲ, ಬಯಲಲ್ಲಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು.

ಇವತ್ತು ಸಂಜೆ ನಿಮ್ಮ ಪಂಪ್ ರೂಮಿಗೆ ಒಮ್ಮೆ ಇಳಿದು ನೋಡಿ. ಆಸಿಡ್ ಕ್ಯಾನ್ ಮತ್ತು ಕ್ಲೋರಿನ್ ಡಬ್ಬ ಒಂದೇ ಕಡೆ ಇದ್ದರೆ ಈಗಲೇ ಬೇರೆ ಬೇರೆ ಜಾಗದಲ್ಲಿ ಇಡಿಸಿ. ಎರಡಕ್ಕೂ ಬೇರೆ ಬೇರೆ ಬಕೆಟ್ ಕೊಡಿಸಿ, ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ.