ಹವ್ಯಾಸಿ ಬಡಗಿಗೆ ಟೇಬಲ್ ಸಾ: ಮೋಟಾರಿಗಿಂತ ಮೊದಲು ಫೆನ್ಸ್ ನೋಡಿ

ಮಡಚುವ ಸ್ಟ್ಯಾಂಡಿನ ಮೇಲೆ ನಿಲ್ಲುವ, 10 ಇಂಚಿನ ಬ್ಲೇಡ್ ಹಾಕುವ ಒಂದು ಸಣ್ಣ ಟೇಬಲ್ ಸಾವನ್ನು (ಮೇಜಿನ ಸೀಳಿನಿಂದ ಮೇಲೆ ಚಾಚಿದ ದುಂಡು ಬ್ಲೇಡಿಗೆ ಮರವನ್ನು ತಳ್ಳಿ ಕೊಯ್ಯುವ ಯಂತ್ರ) ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಎರಡು ಪುಸ್ತಕದ ಕಪಾಟು, ಒಂದು ಊಟದ ಮೇಜು, ನಾಲ್ಕು ಸ್ಟೂಲು ಮತ್ತು ಹಲವಾರು ಡ್ರಾಯರುಗಳಿಗೆ ಬೇಕಾದ ಮರವೆಲ್ಲ ಇದರ ಮೇಲೆಯೇ ಕೊಯ್ದದ್ದು. ಕೊಳ್ಳುವಾಗ ನಾನು ಮೊದಲು ವಿಚಾರಿಸಿದ್ದು ಮೋಟಾರು ಎಷ್ಟು ವ್ಯಾಟಿನದು ಎಂದು. ಇಂದು ಮತ್ತೆ ಕೊಳ್ಳುವುದಾದರೆ ಆ ಪ್ರಶ್ನೆಯನ್ನು ಕೊನೆಗೆ ಕೇಳುತ್ತೇನೆ.

ಮೊದಲು ನೋಡಬೇಕಾದದ್ದು ಫೆನ್ಸ್. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಅದರ ಅಂಚು ಆತುಕೊಂಡು ಸಾಗುವ ಆಸರೆ ಅದು. ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ಅರ್ಧ ಮಿಲಿಮೀಟರಿನಷ್ಟು ವಾಲಿದ್ದರೂ ಮರ ಇವೆರಡರ ನಡುವೆ ಬಿಗಿದುಕೊಳ್ಳುತ್ತದೆ, ಕೊಯ್ದ ಅಂಚು ಸುಟ್ಟು ಕರಿಯಾಗುತ್ತದೆ, ಇನ್ನಷ್ಟು ಬಿಗಿದರೆ ಹಲಗೆಯೇ ನಮ್ಮತ್ತ ಚಿಮ್ಮುತ್ತದೆ. ನನ್ನ ಯಂತ್ರದ ಜೊತೆ ಬಂದ ಫೆನ್ಸ್ ಮುಂದುಗಡೆ ಮಾತ್ರ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಲಾಕ್ ಮಾಡಿದ ಮೇಲೂ ಹಿಂತುದಿಯನ್ನು ಬೆರಳಿನಿಂದ ಒತ್ತಿದರೆ ಸರಿಯುತ್ತಿತ್ತು. ಹೀಗಾಗಿ ಪ್ರತಿ ಸೀಳಿಗೂ ಮೊದಲು ಬ್ಲೇಡಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದು ಸರಿಪಡಿಸುವುದು ನನಗೆ ಅಭ್ಯಾಸವಾಯಿತು. ಅಳೆಯಲು ಮರೆತ ಒಂದು ದಿನ ಸೀಳಿದ ಪಟ್ಟಿಗಳಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ ಒಂದು ಮಿಲಿಮೀಟರ್ ವ್ಯತ್ಯಾಸವಿತ್ತು. ಅವುಗಳಿಂದ ಮಾಡಿದ ಡ್ರಾಯರನ್ನು ಕೊನೆಗೆ ತೋಪಡ ಹೊಡೆದು ಹೊಡೆದು ಕಪಾಟಿನೊಳಗೆ ಕೂರಿಸಬೇಕಾಯಿತು.

ಆದ್ದರಿಂದ ಯಂತ್ರವನ್ನು ಮುಟ್ಟಿ ನೋಡುವ ಅವಕಾಶವಿದ್ದರೆ ಫೆನ್ಸನ್ನು ಒಂದೇ ಅಳತೆಗೆ ಐದಾರು ಸಲ ತಂದು, ಪ್ರತಿ ಸಲವೂ ಲಾಕ್ ಮಾಡಿ, ಎರಡೂ ತುದಿಗಳಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದು ನೋಡಿ. ಡಿವಾಲ್ಟ್‌ನ ಡಿಡಬ್ಲ್ಯುಇ7491ಆರ್‌ಎಸ್ ಮಾದರಿಯಲ್ಲಿ ಒಂದೇ ಗುಂಡಿಯನ್ನು ತಿರುಗಿಸಿದರೆ ಹಲ್ಲುಗಾಲಿಯ ಮೂಲಕ ಫೆನ್ಸಿನ ಎರಡೂ ತುದಿಗಳು ಒಟ್ಟಿಗೇ ಸರಿಯುತ್ತವೆ, ಬಲಬದಿಯಲ್ಲಿ ಮೂವತ್ತೆರಡೂವರೆ ಇಂಚು ಅಗಲದವರೆಗೆ ಸೀಳಬಹುದು. ಸಣ್ಣ ಯಂತ್ರಗಳ ಫೆನ್ಸುಗಳಲ್ಲಿ ಈ ಏರ್ಪಾಡನ್ನೇ ನಾನು ಹೆಚ್ಚು ನಂಬುತ್ತೇನೆ.

ಒಂದೇ ಕಡೆ ನೆಲೆಯಾಗಿ ಇಡಲು ಜಾಗವಿದ್ದವರು ಕ್ಯಾಬಿನೆಟ್ ಸಾ ಕೊಳ್ಳುವುದೇ ಒಳ್ಳೆಯದು. ಎರಕದ ಕಬ್ಬಿಣದ ಅದರ ಮೇಜು ಅದುರುವುದಿಲ್ಲ, ಬೆಲ್ಟಿನಿಂದ ಓಡುವ ಇಂಡಕ್ಷನ್ ಮೋಟಾರು ಕಿವಿಗೆ ಅಷ್ಟು ಹಿಂಸೆ ಕೊಡುವುದಿಲ್ಲ. ತುಕ್ಕು ಹಿಡಿಯದಂತೆ ಆಗಾಗ ಮೇಣ ಉಜ್ಜುವ ಕೆಲಸವೊಂದು ಮಾತ್ರ ಹೆಚ್ಚು. ಸಣ್ಣ ಯಂತ್ರದ ಯೂನಿವರ್ಸಲ್ ಮೋಟಾರು ಹಗುರವಾಗಿದ್ದರೂ ಕಿರುಚುತ್ತದೆ, ಕಿವಿಗೆ ರಕ್ಷಣೆಯಿಲ್ಲದೆ ಅದರ ಮುಂದೆ ನಿಲ್ಲಬಾರದು. ಕೆಲಸ ಮುಗಿದ ಮೇಲೆ ಅದನ್ನು ಮಡಚಿ ಗೋಡೆಗೆ ಒರಗಿಸಬಹುದು ಎಂಬ ಒಂದೇ ಅನುಕೂಲಕ್ಕಾಗಿ ನಾನು ಉಳಿದದ್ದನ್ನೆಲ್ಲ ಸಹಿಸಿಕೊಂಡಿದ್ದೇನೆ.

ಎರಡನೆಯದಾಗಿ, ರಿವಿಂಗ್ ನೈಫ್ ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಬ್ಲೇಡಿನ ಬೆನ್ನಿಗೇ ನಿಲ್ಲುವ ಈ ಉಕ್ಕಿನ ತಗಡು ಬ್ಲೇಡಿನೊಂದಿಗೇ ಏರಿಳಿಯುತ್ತ, ಸೀಳಿದ ಮರ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಅಮುಕದಂತೆ, ಹಿಂಬದಿಯಿಂದ ಮೇಲೇಳುವ ಹಲ್ಲುಗಳಿಗೆ ಮರ ತಾಗದಂತೆ ತಡೆಯುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ಸುತ್ತಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಆಗುತ್ತದೆ. ಆ ಹಲ್ಲು ಎತ್ತಿ ಎಸೆದ ಹಲಗೆಯಿಂದ ತಪ್ಪಿಸಿಕೊಳ್ಳುವಷ್ಟು ಚುರುಕು ಯಾವ ಮನುಷ್ಯನಿಗೂ ಇಲ್ಲ. ಬೆರಳಿನ ರಕ್ಷಣೆಗೆ ಸಾಸ್ಟಾಪ್‌ನ ಯಂತ್ರಗಳು ಇನ್ನೂ ಒಂದು ಹೆಜ್ಜೆ ಮುಂದಿವೆ: ಚರ್ಮ ಬ್ಲೇಡಿಗೆ ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ಗುರುತಿಸಿ, ಅಲ್ಯೂಮಿನಿಯಂ ತುಂಡೊಂದನ್ನು ಹಲ್ಲುಗಳಿಗೆ ತೂರಿಸಿ, ಸುಮಾರು 5 ಮಿಲಿಸೆಕೆಂಡಿನೊಳಗೆ ಬ್ಲೇಡನ್ನು ನಿಲ್ಲಿಸುತ್ತವೆ. ಹಾಗೆ ನಿಂತ ಮೇಲೆ ಆ ಬ್ರೇಕ್ ಕಾರ್ಟ್ರಿಜ್ಜನ್ನು ಬದಲಿಸಲೇಬೇಕು, ಬ್ಲೇಡೂ ಸಾಮಾನ್ಯವಾಗಿ ಕೆಡುತ್ತದೆ. ಒಂದು ಬೆರಳಿನ ಮುಂದೆ ಅದು ನಷ್ಟವೇ ಅಲ್ಲ. ಆದರೆ ಮರ ಹಿಂದಕ್ಕೆ ಚಿಮ್ಮುವುದನ್ನು ಆ ಬ್ರೇಕ್ ತಡೆಯುವುದಿಲ್ಲವಾದ್ದರಿಂದ ರಿವಿಂಗ್ ನೈಫ್ ಅಲ್ಲಿಯೂ ಬೇಕೇ ಬೇಕು.

ಇನ್ನು ಜೊತೆಗೆ ಕೊಳ್ಳಬೇಕಾದವುಗಳ ವಿಷಯ. ಯಂತ್ರದೊಂದಿಗೆ ಬಂದ 24 ಹಲ್ಲಿನ ಬ್ಲೇಡ್ ದಪ್ಪ ಹಲಗೆಯನ್ನು ಎಳೆಯುದ್ದಕ್ಕೆ ಸೀಳಲು ಸಾಕು, ಆದರೆ ಅದೇ ಬ್ಲೇಡಿನಿಂದ ಪ್ಲೈವುಡ್ಡನ್ನು ಅಡ್ಡ ಕೊಯ್ದಾಗ ಮೇಲಿನ ಪದರ ಚಕ್ಕೆಯೆದ್ದು ಬರುತ್ತದೆ. 40 ಹಲ್ಲಿನ ಒಳ್ಳೆಯ ಕಾರ್ಬೈಡ್ ಬ್ಲೇಡೊಂದನ್ನು ಹಾಕಿದ ದಿನ, ಅದೇ ಮೋಟಾರು, ಅದೇ ಮೇಜು ಇದ್ದರೂ ನನಗೆ ಬೇರೆಯೇ ಯಂತ್ರ ಬಂದಂತೆ ಅನ್ನಿಸಿತು. ಕೊಯ್ದ ಅಂಚುಗಳನ್ನು ಉಜ್ಜುಕಾಗದದ ಗೊಡವೆಯಿಲ್ಲದೆ ನೇರವಾಗಿ ಅಂಟಿಸಲು ಸಾಧ್ಯವಾಯಿತು. ಶಕ್ತಿ ಕಡಿಮೆಯಿರುವ ಮೋಟಾರಿಗೆ ಸುಮಾರು 2.4 ಮಿಲಿಮೀಟರ್ ಅಗಲ ಕೊಯ್ಯುವ ತೆಳು ಬ್ಲೇಡ್ ಹಿತ, ಏಕೆಂದರೆ 3.2 ಮಿಲಿಮೀಟರಿನ ಸಾಮಾನ್ಯ ಬ್ಲೇಡಿಗಿಂತ ಅದು ಮರವನ್ನು ಕಾಲುಭಾಗದಷ್ಟು ಕಡಿಮೆ ಕಿತ್ತುಹಾಕುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ರಿವಿಂಗ್ ನೈಫ್ ಬ್ಲೇಡಿನ ಕೊಯ್ತದ ಅಗಲಕ್ಕಿಂತ ತೆಳುವಾಗಿರಬೇಕು, ಇಲ್ಲದಿದ್ದರೆ ಮರ ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಈ ಎರಡೂ ಅಂಕಿಗಳನ್ನು ಅವುಗಳ ಮೇಲೆಯೇ ಅಚ್ಚೊತ್ತಿರುವುದು ರೂಢಿ. ಹೊಂದಿಸಿ ನೋಡದೆ ಬ್ಲೇಡ್ ಕೊಳ್ಳಬೇಡಿ.

ಹಲಗೆಯನ್ನು ಬೇಕಾದ ಕೋನದಲ್ಲಿ ಅಡ್ಡ ಕೊಯ್ಯಲು ಆನಿಸಿ ತಳ್ಳುವ ಮೈಟರ್ ಗೇಜಿನ ಬಗ್ಗೆ ಹೇಳುವುದು ಹೆಚ್ಚಿಲ್ಲ: ನನಗೆ ಸಿಕ್ಕಿದ್ದು ಮೇಜಿನ ಮೇಲಿನ ತನ್ನ ತೋಡಿನಲ್ಲಿ ಅಲುಗಾಡುತ್ತಿತ್ತು, ಅದನ್ನು ಎತ್ತಿಟ್ಟೆ. ಬದಲಿಗೆ ದಪ್ಪ ಪ್ಲೈವುಡ್ಡಿನಿಂದ ಒಂದು ಕ್ರಾಸ್‌ಕಟ್ ಸ್ಲೆಡ್, ಅಂದರೆ ಮರವನ್ನು ಮೇಲಿಟ್ಟು ಬ್ಲೇಡಿನತ್ತ ಜಾರಿಸಿ ಅಡ್ಡ ಕೊಯ್ಯುವ ಹಲಗೆ, ಮಾಡಿಕೊಂಡೆ. ಮೇಜಿನ ಎರಡೂ ತೋಡುಗಳಲ್ಲಿ ಜಾರುವ ಗಟ್ಟಿಮರದ ಪಟ್ಟಿಗಳ ಮೇಲೆ ಕೂರುವ ಈ ಹಲಗೆಯ ಬೇಲಿಯನ್ನು (ಮರ ಆತುಕೊಳ್ಳುವ ಅಡ್ಡಪಟ್ಟಿಯನ್ನು) ಬ್ಲೇಡಿಗೆ ಲಂಬಕೋನದಲ್ಲಿ ಕೂರಿಸಲು ಮೂಲೆಮಟ್ಟವೊಂದೇ ಸಾಲದು. ಒಂದು ಚೌಕ ತುಂಡಿನ ನಾಲ್ಕು ಬದಿಗಳನ್ನು ಒಂದಾದ ಮೇಲೊಂದರಂತೆ ತಿರುಗಿಸಿ ಕೊಯ್ದು, ಮೊದಲ ಬದಿಯಿಂದ ಐದನೆಯ ಕೊಯ್ತದಲ್ಲಿ ತೆಗೆದ ಪಟ್ಟಿಯ ಎರಡು ತುದಿಗಳ ಅಗಲವನ್ನು ಅಳೆಯಬೇಕು. ಆಗ ಬೇಲಿಯ ತಪ್ಪು ನಾಲ್ಕು ಪಟ್ಟಾಗಿ ಕಣ್ಣಿಗೆ ಕಾಣುತ್ತದೆ, ತಿದ್ದುವುದು ಸುಲಭ. ಸ್ಟೂಲುಗಳ ಕಾಲುಗಳು ನೆಲದ ಮೇಲೆ ಕುಂಟದೆ ನಿಂತದ್ದು ಈ ಸ್ಲೆಡ್ಡಿನಿಂದ. ಬ್ಲೇಡಿನ ಸುತ್ತ ಸಂದಿಲ್ಲದಂತೆ ಕೂರುವ ಝೀರೋ ಕ್ಲಿಯರೆನ್ಸ್ ಇನ್ಸರ್ಟ್ ಮತ್ತು ಹಲಗೆಯನ್ನು ಒತ್ತಿ ತಳ್ಳುವ ಎರಡು ಪುಶ್ ಬ್ಲಾಕುಗಳೂ ಇರಲಿ. ಉದ್ದನೆಯ ಪ್ಲಾಸ್ಟಿಕ್ ಪುಶ್ ಸ್ಟಿಕ್ ಮಾತ್ರವೇ ಆದರೆ ಹಲಗೆಯ ಮುಂದಲೆ ಮೇಲೇಳುವುದನ್ನು ತಡೆಯಲಾಗದು.

ಹೊಟ್ಟಿನ ಬಗ್ಗೆ ನಾನು ಮೊದಲ ವರ್ಷ ಉದಾಸೀನ ಮಾಡಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ತಿಳಿದ ಮೇಲೆ ಯಂತ್ರದ ಹಿಂಬದಿಗೆ ವ್ಯಾಕ್ಯೂಮ್ ಜೋಡಿಸಿದೆ. ಆದರೂ ಬ್ಲೇಡಿನ ಮೇಲಿನಿಂದ ಎರಚುವ ನುಣ್ಣನೆಯ ಪುಡಿಗೆ ಮುಖಗವಸು ಬೇಕೇ ಬೇಕು.

ಇಷ್ಟಾದರೂ, ನಿಮ್ಮ ಕೆಲಸದ ಬಹುಪಾಲು 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಗಳದ್ದಾದರೆ ಇಂಥ ಸಣ್ಣ ಟೇಬಲ್ ಸಾ ನಿಮ್ಮ ಮೊದಲ ಯಂತ್ರವಾಗಬಾರದು. ಅಷ್ಟು ದೊಡ್ಡ ಹಾಳೆಯನ್ನು ಅದರ ಪುಟ್ಟ ಮೇಜಿನ ಮೇಲೆ ಒಬ್ಬರೇ ನೇರವಾಗಿ ತಳ್ಳಲಾಗುವುದಿಲ್ಲ, ತಳ್ಳಲು ಹೋದರೆ ಯಂತ್ರವೇ ವಾಲುತ್ತದೆ. ಅಂಥವರು ಹಾಳೆಯನ್ನು ನೆಲದ ಮೇಲೆ ಹಾಸಿ ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾದಿಂದ ತುಂಡುಮಾಡಲಿ. ಟೇಬಲ್ ಸಾವನ್ನು ಗಟ್ಟಿಮರದ ಕೆಲಸ ಶುರುವಾದ ಮೇಲೆ ತರಬಹುದು.