ಆಲ್ವೇಸ್ ಬ್ಯಾಂಡಿನ ಮೊದಲ ಆಲ್ಬಂ: ಕೇಳೋಕೆ ಜಾಲಿ, ಒಳಗೆ ಬೇರೆನೇ ಕತೆ

ಇಂಡೀ ಪಾಪ್ ಅಂದ್ರೆ ಗಿಟಾರ್ ಟಿಣ್ ಟಿಣ್ ಅಂತಿರುತ್ತೆ, ಮೇಲೆ ಒಂದಿಷ್ಟು ಎಕೋ ಸುರಿದಿರ್ತಾರೆ, ಯಾರೋ ನಿದ್ದೆಗಣ್ಣಲ್ಲಿ ಹಾಡ್ತಿರ್ತಾರೆ ಅಂದ್ಕೊಂಡು ಆ ಕಡೆ ತಲೆನೇ ಹಾಕದೆ ಇರೋರು ತುಂಬಾ ಜನ ಇದಾರೆ, ಅವ್ರಿಗೆ ನಾನು ಮೊದಲು ಕೇಳ್ಸೋದು ಕೆನಡಾದ ಟೊರೊಂಟೊ ಊರಿನ ಆಲ್ವೇಸ್ ಅನ್ನೋ ಬ್ಯಾಂಡಿನ ಈ ಆಲ್ಬಂ. 2014ರ ಜುಲೈನಲ್ಲಿ ಬಂದಿದ್ದು, ಬ್ಯಾಂಡ್ ಹೆಸರೇ ಆಲ್ಬಂಗೂ. ಒಂಬತ್ತೇ ಹಾಡು, ಹತ್ರ ಹತ್ರ 33 ನಿಮಿಷ. (ಸರ್ಚ್ ಮಾಡೋವಾಗ ಇಂಗ್ಲಿಷಲ್ಲಿ ಡಬ್ಲ್ಯೂ ಬದಲು ಎರಡು ವಿ ಹಾಕಿ, ಇಲ್ಲಾಂದ್ರೆ ಇನ್ನೇನೇನೋ ಬರುತ್ತೆ.)

ಆ ಟಿಣ್ ಟಿಣ್, ಎಕೋ ಎಲ್ಲ ಇಲ್ಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಬ್ಯಾಂಡಿನ ಹಾಡುಗಾರ್ತಿ ಮಾಲಿ ರ‍್ಯಾಂಕಿನ್ ಏನು ಹಾಡ್ತಿದಾಳೆ ಅಂತ ಕಿವಿಗೊಟ್ಟು ಕೇಳಿ, ಈಯಮ್ಮ ನಗ್ತಾ ನಗ್ತಾನೇ ಚುಚ್ತಾಳೆ. ಮೊದಲನೇ ಹಾಡು ಅಡಲ್ಟ್ ಡೈವರ್ಷನ್ ಟ್ಯೂನ್ ಕೇಳಿದ್ರೆ ರಜಾ ಹಾಕಿ ಬೀಚಿಗೆ ಹೋಗೋಣ ಅನ್ಸುತ್ತೆ, ಒಳಗಿರೋದು ನೋಡಿದ್ರೆ ಮೆಟ್ರೋದಲ್ಲಿ ಕಂಡವನನ್ನ ಅವನಿಗೆ ಗೊತ್ತಾಗದಂಗೆ ನೋಡ್ತಾ ಮನಸ್ಸಲ್ಲೇ ಮಂಡಿಗೆ ತಿನ್ನೋ ಹುಡುಗಿ. ನೆಕ್ಸ್ಟ್ ಆಫ್ ಕಿನ್ ಇನ್ನೂ ಒಂದು ಹೆಜ್ಜೆ ಮುಂದೆ, ಗಿಟಾರ್ ಕುಣೀತಿದೆ, ಕತೇಲಿ ಮಾತ್ರ ಜೊತೆಗೆ ಬಂದವನು ಹೊಳೇಲಿ ಮುಳುಗಿ ಹೋಗಿದಾನೆ, ಇವನಿಗೆ ಈಜು ಬರಲ್ಲ ಅಂತ ಗೊತ್ತಿದ್ರೆ ಇಳೀತಾನೇ ಇರ್ಲಿಲ್ಲ ಅಂತಾಳೆ. ತಲೆ ಅಲ್ಲಾಡಿಸ್ತಾ ಕೂತಿರ್ತೀವಲ್ಲ, ಇದು ಅರ್ಥ ಆದ್ಮೇಲೆ ತಲೆ ಹಂಗೇ ನಿಂತ್ಕೊಳುತ್ತೆ.

ಎಲ್ರಿಗೂ ಗೊತ್ತಿರೋ ಹಾಡು ಆರ್ಚಿ ಮ್ಯಾರಿ ಮಿ. ಆ ಆರ್ಚಿ ಅನ್ನೋನು ಮದುವೆ ಅಂದ್ರೆನೇ ಮೂಗು ಮುರಿಯೋನು, ಎಜುಕೇಶನ್ ಲೋನ್ ಇನ್ನೂ ಕಟ್ಟೋದಿದೆ, ನಾಳೆ ಡಿವೋರ್ಸ್ ಆಗಿ ಜೀವನಾಂಶ ಬೇರೆ ತಲೆ ಮೇಲೆ ಬಂದ್ರೆ ಅನ್ನೋ ಭಯ, ಇವ್ಳು ಹೇಳೋದು ಇನ್ವಿಟೇಷನ್ ಬೇಡ ಹೂವಿನ ಡೆಕೋರೇಷನ್ ಬೇಡ, ಹೋಗಿ ಸೈನ್ ಹಾಕಿ ಮುಗಿಸೋಣ ಬಾ ಅಂತ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಸಾಲದಲ್ಲಿ ಬಿದ್ದಿರೋ ನಮ್ಮ ಜನಕ್ಕೆ ಇದನ್ನ ಕೇಳಿಸ್ಬೇಕು! ಚರಣದಲ್ಲಿ ಗಿಟಾರ್ ತೆಳ್ಳಗೆ ಕ್ಲೀನಾಗಿರುತ್ತೆ, ಪಲ್ಲವಿಗೆ ಬಂದು ಅವ್ಳು ಹೇ ಹೇ ಅಂತ ದನಿ ಎತ್ತಿದ ತಕ್ಷಣ ಕೆಳಗಿಂದ ಒರಟು ಸೌಂಡ್ ಉಕ್ಕಿ ಬರುತ್ತೆ, ಆ ಜಾಗಕ್ಕೇ ಕಾಯ್ತಾ ಕೂರೋ ಹಂಗಾಗುತ್ತೆ.

ನನ್ನ ಫೇವರಿಟ್ ಮಾತ್ರ ಪಾರ್ಟಿ ಪೊಲೀಸ್. ಹೋಗ್ಬೇಡ, ಇಲ್ಲೇ ಇದ್ಬಿಡು ಅನ್ನೋದಷ್ಟೇ ವಿಷ್ಯ, ಅದನ್ನ ಗೋಗರೆಯದೆ ಹೇಳ್ತಾಳಲ್ಲ, ಅದೇ ಸಿಕ್ಕಾಪಟ್ಟೆ ತಾಗೋದು.

ಟ್ಯೂನ್ ಕಟ್ಟೋದು ಮಾಲಿಗೆ ಮನೆಯಿಂದಲೇ ಬಂದಿದ್ದು ಅನ್ಸುತ್ತೆ. ಅಪ್ಪ ಜಾನ್ ಮಾರಿಸ್ ರ‍್ಯಾಂಕಿನ್, ಕೆನಡಾದ ಕೇಪ್ ಬ್ರೆಟನ್ ದ್ವೀಪದ ಕಡೆ ಹೆಸರಾದ ರ‍್ಯಾಂಕಿನ್ ಫ್ಯಾಮಿಲಿ ಅನ್ನೋ ಜನಪದ ತಂಡದ ಪಿಟೀಲುಗಾರ. ಕೀಬೋರ್ಡ್ ನುಡಿಸೋ ಕೆರಿ ಮೆಕ್ಲೆಲನ್ ಚಿಕ್ಕಂದಿನ ಪಕ್ಕದ್ಮನೆ ಗೆಳತಿ. ಗಿಟಾರ್ ಅಲೆಕ್ ಓಹ್ಯಾನ್ಲಿ.

ನನ್ನ ತಕರಾರು ಒಂದೇ, ಮಾತು ಇಷ್ಟು ಚೆನ್ನಾಗಿರೋವಾಗ ದನಿನ ಯಾಕಪ್ಪಾ ಎಕೋದಲ್ಲಿ ಇಷ್ಟು ಮುಳುಗಿಸಿದ್ರು? ರೆಕಾರ್ಡ್ ಮಾಡಿದ್ದು ಕ್ಯಾಲ್ಗರಿಯ ಚ್ಯಾಡ್ ವ್ಯಾನ್‌ಗಾಲನ್, ಅವ್ರೂ ಹಾಡುಗಾರರೇ, ಆಮೇಲೆ ದನಿ, ವಾದ್ಯ ಎಲ್ಲ ಹದವಾಗಿ ಸೇರಿಸೋ ಮಿಕ್ಸಿಂಗಿಗೆ ಗ್ರಹಾಂ ವಾಲ್ಷ್, ಜಾನ್ ಆಗ್ನೆಲ್ಲೋ ಇಬ್ರು ಕೂತಿದಾರೆ. ಕನಸಿನ ಥರ ಇರ್ಲಿ ಅಂತ ಬೇಕಂತಲೇ ಹಂಗ್ ಮಾಡಿರ್ಬೋದು, ಆದ್ರೂ ಫೋನ್ ಸ್ಪೀಕರಲ್ಲಿ ಹಾಕಿದ್ರೆ ಅರ್ಧ ಸಾಹಿತ್ಯ ಕೇಳ್ಸೋದೇ ಇಲ್ಲ, ಹೆಡ್‌ಫೋನ್ ಕಡ್ಡಾಯ. ಡೈವ್ಸ್ ಅನ್ನೋ ಹಾಡು ನಂಗೆ ಸಪ್ಪೆ, ಸ್ಕಿಪ್ ಮಾಡ್ತೀನಿ. ಕೊನೇ ಹಾಡು ರೆಡ್ ಪ್ಲಾನೆಟ್ ಗಿಟಾರ್ ಬಿಟ್ಟು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್ ಸೌಂಡ್) ಕಡೆ ಹೋಗುತ್ತೆ, ಅದು ಎಲ್ರಿಗೂ ಹಿಡ್ಸಲ್ಲ, ನಂಗೆ ಓಕೆ.

2015ರಲ್ಲಿ ಕೆನಡಾದಲ್ಲಿ ವರ್ಷದ ಬೆಸ್ಟ್ ಆಲ್ಬಂಗೆ ಕೊಡೋ ಪೊಲಾರಿಸ್ ಪ್ರೈಜ್ ಫೈನಲ್ ಲಿಸ್ಟಲ್ಲೂ ಇತ್ತು ಇದು. ಇವ್ರ 2022ರ ಬ್ಲೂ ರೆವ್ ಇನ್ನೂ ದೊಡ್ಡ ಆಲ್ಬಂ ಅನ್ನೋರಿದಾರೆ, ನಾನೂ ಒಪ್ತೀನಿ, ಆದ್ರೆ ಅದ್ರಲ್ಲಿ ಗದ್ದಲ ಜಾಸ್ತಿ, ಹೊಸಬ್ರು ಮೊದಲು ಇದನ್ನೇ ಹಾಕ್ಕೊಳಿ, ಎರಡನೇ ಹಾಡು ಆರ್ಚಿ ಮ್ಯಾರಿ ಮಿಯಿಂದ ಶುರು ಮಾಡಿದ್ರೂ ನಡಿಯುತ್ತೆ.