ರಾಮನವಮಿ ಸೀಸನ್‌ನಲ್ಲಿ ಒಂದು ವಾರ: ಮೃದಂಗದವನ ಕಿವಿಗೆ ಬಿದ್ದ ಬೆಂಗಳೂರು

ಮೊದಲೇ ಹೇಳಿಬಿಡುತ್ತೇನೆ, ನಾನು ಮೃದಂಗ ನುಡಿಸುವವನು. ಹಾಗಾಗಿ ಯಾರ ಕಲ್ಯಾಣಿ ರಾಗ ಚೆನ್ನಾಗಿತ್ತು, ಯಾರ ತೋಡಿ ಉದ್ದವಾಯಿತು ಅನ್ನೋದು ಇಲ್ಲಿ ಕಡಿಮೆ. ಯಾವ ಜಾಗದಲ್ಲಿ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಅನ್ನೋದೇ ಜಾಸ್ತಿ. ಈ ಸಲ ನನ್ನ ಸಂಗೀತ ಕಚೇರಿಗಳೆಲ್ಲ ಸೀಸನ್ ಕೊನೆಗೆ ಬಿದ್ದಿದ್ದವು. ಒಂದು ವಾರ ಸಂಜೆಗಳು ಖಾಲಿ ಸಿಕ್ಕವು. ವಾದ್ಯ ಮನೆಯಲ್ಲೇ ಬಿಟ್ಟು ಸುಮ್ನೆ ಕೇಳೋಕೆ ಹೋದೆ.

ಶುರು ಚಾಮರಾಜಪೇಟೆಯಿಂದ. ಬೇರೆ ಎಲ್ಲಿಂದ ಮಾಡೋಕಾಗುತ್ತೆ ಹೇಳಿ? ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ್ದು 1939ರಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿಯಿಂದ ಹಿಡಿದು ದೊಡ್ಡವರೆಲ್ಲ ಹಾಡಿ ಹೋದ ಉತ್ಸವ ಇದು. ಕೋಟೆ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಪೆಂಡಾಲ್ ಹಾಕುತ್ತಾರೆ, ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಪಾರ್ಕಿಂಗ್ ಹುಡುಕುತ್ತಾ ಕಚೇರಿ ಶುರುವಿನ ವರ್ಣ ತಪ್ಪಿಸಿಕೊಳ್ಳುವ ಬದಲು ಮೆಟ್ರೋನೇ ವಾಸಿ.

ಪೆಂಡಾಲ್‌ಗೆ ಗೋಡೆ ಇರಲ್ಲ ಅಲ್ವಾ, ನಮ್ಮಂಥವರ ಕಿವಿಗೆ ಅದೇ ದೊಡ್ಡ ಉಪಕಾರ. ಶಬ್ದ ಹೊರಗೆ ಹೋಗಿಬಿಡುತ್ತದೆ, ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ಸೊಲ್ಲಿನ ಮೇಲೆ ಬೀಳುವುದಿಲ್ಲ. ಗಾಯಕರು ವೇಗವಾಗಿ ಸ್ವರ ಹಾಕುವಾಗಲೂ ಮೃದಂಗದ ಏಟುಗಳಲ್ಲಿ ಮೀಟು ಯಾವುದು, ಚಾಪು ಯಾವುದು ಅಂತ ಬಿಡಿಬಿಡಿಯಾಗಿ ಕೇಳಿಸುವುದು ಇಂಥ ಕಡೆಯೇ. ರಸ್ತೆಯ ಹಾರನ್ನು ಆಲಾಪನೆ ಮಧ್ಯೆ ನುಗ್ಗುತ್ತದೆ, ನಿಜ. ಆದರೆ ಅಲ್ಲಿಗೆ ವರ್ಷಾನುಗಟ್ಟಲೆ ಬರುತ್ತಿರುವ ರಸಿಕರಿಗೆ ಅದು ಕೇಳಿಸುವುದೇ ಇಲ್ಲ ಅನ್ಸುತ್ತೆ, ಒಬ್ಬರೂ ತಲೆ ತಿರುಗಿಸಲಿಲ್ಲ.

ನಾನು ಹೋದ ಸಂಜೆ ಮಳೆ ಬಂತು. ಬೇಸಿಗೆ ಮಳೆ, ಹತ್ತು ನಿಮಿಷ ಸುರಿದು ನಿಂತಿತು. ಗಾಳಿಯಲ್ಲಿ ತೇವ ಏರಿದರೆ ಚರ್ಮ ಸಡಿಲವಾಗಿ ಮೃದಂಗದ ಶ್ರುತಿ ಇಳಿಯುತ್ತದೆ. ವೇದಿಕೆ ಮೇಲಿದ್ದ ಮೃದಂಗದವರು ಒಂದು ಕೃತಿ ಮುಗಿದ ತಕ್ಷಣ ಚೀಲದಿಂದ ಕಲ್ಲು ತೆಗೆದರು. ವಾದ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಬಲಗಡೆ ಮುಚ್ಚಿಗೆಯ ಅಂಚಿಗೆ ಸುತ್ತಲೂ ತಟ್ಟುತ್ತಾ, ಮಧ್ಯೆ ಮಧ್ಯೆ ಬೆರಳಲ್ಲಿ ಮೀಟಿ ತಂಬೂರಿ ಜೊತೆ ಸೇರಿಸಿ ನೋಡುತ್ತಾ ಕೂತರು. ಗಾಯಕಿ ಕಾದರು. ಗಡಿಯಾರ ನೋಡಲಿಲ್ಲ, ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಅವಸರ ಮಾಡಲಿಲ್ಲ. ಶ್ರುತಿ ಸೇರಿತು ಅಂತ ಮೃದಂಗದವರು ತಲೆಯಾಡಿಸಿದ ಮೇಲೆಯೇ ಮುಂದಿನ ಆಲಾಪನೆ ಎತ್ತಿಕೊಂಡರು. ಆ ಒಂದು ನಿಮಿಷಕ್ಕೇ ಆ ಕಚೇರಿಗೆ ಪೂರ್ತಿ ಮಾರ್ಕು ಕೊಡುತ್ತೇನೆ.

ಕೆ.ಆರ್. ರಸ್ತೆಯ ಗಾಯನ ಸಮಾಜದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1905ರಷ್ಟು ಹಳೆಯ ಸಂಸ್ಥೆ, ಕೇಳೋಕೆ ಬರುವವರೂ ಹಾಗೇ ಪಳಗಿದವರು. ಪಲ್ಲವಿ ಶುರುವಾದರೆ ಅರ್ಧ ಹಾಲ್ ತೊಡೆಯ ಮೇಲೆ ತಾಳ ಹಾಕುತ್ತದೆ. ನುಡಿಸುವವನಿಗೆ ಅದರಲ್ಲಿ ಒಂದು ಖುಷಿ, ಒಂದು ಭಯ. ಮುಕ್ತಾಯ ಒಂದಕ್ಷರ ಆಚೀಚೆ ಬಂದರೂ ಮುಂದಿನ ಸಾಲಿನ ಅಜ್ಜನ ಹುಬ್ಬು ಏರುತ್ತದೆ. ಕಚೇರಿ ಮುಗಿಸಿ ಹೊರಟರೆ ವಿ.ವಿ. ಪುರದ ತಿಂಡಿ ಬೀದಿ ಹತ್ತಿರವೇ ಇದೆ ಅನ್ನೋದು ಇನ್ನೊಂದು ಅನುಕೂಲ.

ಈಗ ಕಹಿ ಭಾಗ. ಒಂದು ಸಭೆ, ಹೆಸರು ಬೇಡ. ಹೋಗುತ್ತಿದ್ದಂತೆ ಪಾನಕ, ಕೋಸಂಬರಿ ಕೊಟ್ಟರು, ಪಾನಕಕ್ಕೆ ಮೆಣಸು, ಏಲಕ್ಕಿ ಎಲ್ಲ ಹದವಾಗಿ ಬಿದ್ದಿತ್ತು, ಅಲ್ಲಿಯವರೆಗೆ ಎಲ್ಲ ಚೆನ್ನಾಗೇ ಇತ್ತು. ಕಲಾವಿದರು ಬಂದು ಕೂತರು. ಮೈಕಿನ ಹುಡುಗ ಬಂದು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಅಂದ. ಅಷ್ಟೇ ಸೌಂಡ್ ಚೆಕ್! ಹಿಂದಿನ ದಿನದ ಆರ್ಕೆಸ್ಟ್ರಾಗೆ ಇಟ್ಟಿದ್ದ ಎಕೋ ಹಾಗೇ ಉಳಿದಿತ್ತು, ಗಾಯಕ ಒಂದು ಸಲ ‘ಸ’ ಹಿಡಿದರೆ ಎರಡು ಮೂರು ‘ಸ’ ಬರುತ್ತಿದ್ದವು. ಪಿಟೀಲಿಗೆ ಕ್ಲಿಪ್ ಮೈಕ್, ಕೀರಲು ದನಿ. ಮೃದಂಗದ ಎಡಗಡೆಗೆ ಬಾಸ್ ಎಷ್ಟು ಏರಿಸಿದ್ದರು ಅಂದರೆ ಗುಮ್ಕಿ (ಎಡ ಅಂಗೈ ಒತ್ತಿ ಜಾರಿಸಿ ತೆಗೆಯುವ ನಾದ) ಕೊಟ್ಟಾಗಲೆಲ್ಲ ಪ್ಲಾಸ್ಟಿಕ್ ಕುರ್ಚಿ ನಡುಗುತ್ತಿತ್ತು. ಬಲಗಡೆಯ ನಾದವೇ ಇಲ್ಲ. ಕರಣೆ ಅನ್ನೋ ಕಪ್ಪು ಲೇಪ ಹಾಕಿ, ಒಣಗಿಸಿ, ತಿಕ್ಕಿ ತಿಕ್ಕಿ ಆ ನಾದ ಬರಿಸುವ ಕುಶಲಕರ್ಮಿಯ ಕೆಲಸ ಪೂರ್ತಿ ನೀರಿಗೆ ಹೋಯಿತು.

ಆಮೇಲೆ ಶುರುವಾಯಿತು ಬೆರಳಿನ ಆಟ. ಕಚೇರಿಗೆ ಹೋಗುವವರಿಗೆ ಇದು ಗೊತ್ತು. ಗಾಯಕ ಹಾಡುತ್ತಲೇ ತೋರುಬೆರಳು ಮೇಲೆ ಮಾಡುತ್ತಾರೆ, ನನ್ನ ಮಾನಿಟರ್ ಏರಿಸಪ್ಪಾ ಅಂತ. ಅದು ಏರಿದರೆ ಪಿಟೀಲಿನವರಿಗೆ ತಮ್ಮದು ಕೇಳಿಸಲ್ಲ, ಅವರೂ ಬೆರಳೆತ್ತುತ್ತಾರೆ. ಮೃದಂಗದವರು ಬಿಡುತ್ತಾರಾ? ಘಟದವರು ಮಾತ್ರ ಎರಡೂ ಕೈ ಮಡಕೆ ಮೇಲಿರೋದರಿಂದ ಹುಬ್ಬಲ್ಲೇ ಸನ್ನೆ ಮಾಡಬೇಕು. ನಾಲ್ಕನೇ ಕೃತಿ ಹೊತ್ತಿಗೆ ಎಲ್ಲರೂ ಏರಿಸಿಕೊಂಡು, ಯಾರಿಗೂ ಏನೂ ಕೇಳಿಸದೆ, ಒಂದು ಸಲ ಕುಂಯ್ ಅಂತ ಫೀಡ್‌ಬ್ಯಾಕ್ ಬಂದು, ಇಡೀ ಸಭೆ ಕಿವಿ ಮುಚ್ಚಿಕೊಂಡಿತು.

ಮೈಕಿನ ಹುಡುಗನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಮೃದಂಗ ಅಂದರೆ ಡ್ರಮ್ಮಲ್ಲ, ಅದಕ್ಕೂ ಶ್ರುತಿ ಇದೆ ಅಂತ ಅವನಿಗೆ ಯಾರು ಹೇಳಿದ್ದಾರೆ? ಕಲಾವಿದರು ಕಚೇರಿಗೆ ಹತ್ತು ನಿಮಿಷ ಮುಂಚೆ ಬಂದರೆ ಹೇಳೋಕೆ ಸಮಯವಾದರೂ ಎಲ್ಲಿ? ಸಂಘಟಕರು ಹೂವಿನ ಅಲಂಕಾರಕ್ಕೆ, ಶಾಲಿಗೆ, ಫಲಕಕ್ಕೆ ಖರ್ಚು ಮಾಡುತ್ತಾರೆ. ಸೌಂಡ್‌ಗೆ ಬಂದಾಗ ಮಾತ್ರ ಶಾಮಿಯಾನ, ಕುರ್ಚಿಯ ಜೊತೆ ಅದೂ ಒಂದು ಐಟಂ.

ಅದೇ ಸಭೆಯಲ್ಲಿ ಸನ್ಮಾನ ಬೇರೆ, ಅದೂ ಪ್ರಧಾನ ಕೃತಿಗೆ ಮುಂಚೆ. ಭಾಷಣ ಮುಗಿಯುವಷ್ಟರಲ್ಲಿ ಹೊತ್ತಾಗಿತ್ತು. ಗಾಯಕ ಮೃದಂಗದ ಕಡೆ ಬಗ್ಗಿ ಏನೋ ಹೇಳಿದರು. ಏನು ಹೇಳಿದರು ಅಂತ ನನಗೆ ಕೇಳಿಸಬೇಕಿರಲಿಲ್ಲ. ತನಿ ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ‘ತನಿ ಚಿಕ್ಕದಾಗಿ’ ಅನ್ನೋ ಮಾತು ನಮಗೆ ತುಟಿ ಚಲನೆಯಲ್ಲೇ ಗೊತ್ತಾಗುತ್ತದೆ. ತನಿ ಬಿಟ್ಟರು, ಕುರ್ಚಿಗಳು ಸರಿದವು, ಜನ ಎದ್ದರು. ಮೃದಂಗ, ಘಟ ಒಂದೊಂದು ಸುತ್ತು ಹೋಗಿ, ಕೊರಪು ಅನ್ನೋ ಸವಾಲು-ಜವಾಬೇ ಇಲ್ಲದೆ, ನೇರ ಕೊನೆಯ ಮೋರಾ, ಮುಕ್ತಾಯ. ಎದ್ದು ಹೋದವರ ಕೈಗೆ ಕಾಫಿ ಬರುವಷ್ಟರಲ್ಲಿ ತನಿ ಮುಗಿದಿತ್ತು.

ಮಾರನೆಯ ದಿನ ಬೇಜಾರಾಗಿ ಇಂದಿರಾನಗರದ ಒಂದು ಪಬ್‌ಗೆ ಹೋದೆ. ಗೆಳೆಯನೊಬ್ಬ ಅಲ್ಲಿನ ಬ್ಯಾಂಡ್‌ನಲ್ಲಿ ಬಾಸ್ ಗಿಟಾರ್ ನುಡಿಸುತ್ತಾನೆ. ಜನ ಅರ್ಧ ಕೇಳುತ್ತಾರೆ, ಅರ್ಧ ಹರಟೆ ಹೊಡೆಯುತ್ತಾರೆ, ಆ ವಿಷಯದಲ್ಲಿ ನಮ್ಮ ಸಭೆಗಳೇ ಮೇಲು. ಆದರೆ ಬೇಗ ಹೋಗಿದ್ದಕ್ಕೆ ಅವರ ಸೌಂಡ್ ಚೆಕ್ ನೋಡೋಕೆ ಸಿಕ್ಕಿತು. ಬಾಗಿಲು ತೆಗೆಯುವ ಮುಂಚೆಯೇ ಎಲ್ಲರೂ ಹಾಜರ್. ಡ್ರಮ್ಮಿನ ಒಂದೊಂದು ತುಂಡಿಗೂ ಬೇರೆ ಬೇರೆಯಾಗಿ ಮಟ್ಟ ನೋಡಿದರು. ಎಂಜಿನಿಯರ್ ಹುಡುಗಿ ಟ್ಯಾಬ್ಲೆಟ್ ಹಿಡಿದು ಹಾಲ್ ತುಂಬ ಓಡಾಡುತ್ತಾ, ಮೂಲೆಯಲ್ಲಿ ನಿಂತು, ಬಾರ್ ಕೌಂಟರ್ ಹತ್ತಿರ ನಿಂತು ಕೇಳಿದಳು. ಕೇಳೋಕೆ ಅಂತಲೇ ಬಾರದ ಜನಕ್ಕೆ ಇಷ್ಟು ತಯಾರಿ! ನಮ್ಮಲ್ಲಿ ಮೂರು ಗಂಟೆ ಅಲುಗಾಡದೆ ಕೂರುವ ರಸಿಕರಿಗೆ ‘ಹಲೋ, ಹಲೋ’.

ಚೌಡಯ್ಯ ಹಾಲ್‌ಗೂ ಒಂದು ಸಂಜೆ ಹೋಗಿದ್ದೆ. 1980ರಲ್ಲಿ ಕಟ್ಟಿದ, ಪಿಟೀಲಿನ ಆಕಾರದ ಆ ಕಟ್ಟಡವನ್ನು ಎಷ್ಟು ಸಲ ನೋಡಿದರೂ ಒಮ್ಮೆ ನಿಂತು ನೋಡುವ ಹಾಗಾಗುತ್ತದೆ. ಕೂತಿದ್ದಾಗ ತಲೆಯಲ್ಲಿ ಓಡುತ್ತಿದ್ದದ್ದು ಇದೇ ವಿಚಾರ. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿದ್ದು ಯಾಕೆ? ಮೈಕ್ ಇಲ್ಲದ ಕಾಲ, ಹಿಂದೆ ಕೂತವನಿಗೂ ಕೇಳಿಸಲಿ ಅಂತ. ಆ ಕಡೆ ಪಾಲ್ಘಾಟ್ ಮಣಿ ಅಯ್ಯರ್ ಅಂಥ ಮೃದಂಗ ವಿದ್ವಾಂಸರು ಮೈಕ್ ಬಂದ ಮೇಲೂ ಅದು ಬೇಡ, ನಾದ ಕೆಡುತ್ತೆ ಅಂತ ಹಟ ಹಿಡಿದವರು. ಹಿಂದಿನ ಸಾಲಿಗೂ ಕೇಳಿಸಬೇಕು ಅನ್ನೋದು ಒಬ್ಬರ ಚಿಂತೆ, ವಾದ್ಯದ ದನಿ ವಾದ್ಯದ ದನಿಯಾಗೇ ಉಳಿಯಬೇಕು ಅನ್ನೋದು ಇನ್ನೊಬ್ಬರದು. ಈಗ ನಮ್ಮ ಬಹಳಷ್ಟು ಕಡೆ ಎರಡನ್ನೂ ಯಾರೂ ಯೋಚಿಸಲ್ಲ, ಜೋರಾಗಿದ್ದರೆ ಸಾಕು. ಮೈಕೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಾವಿರ ಜನ ಕೂರುವ ಕಡೆ ಬೇಕೇ ಬೇಕು. ಅರ್ಧ ಗಂಟೆ ಮುಂಚೆ ಬಂದು, ಎಕೋ ತೆಗೆಸಿ, ಎಡಗಡೆಯ ಬಾಸ್ ಇಳಿಸಿ, ಒಬ್ಬರು ಹಿಂದಿನ ಸಾಲಿನಲ್ಲಿ ಕೂತು ಕೇಳಿ ನೋಡಿದರೆ ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯುತ್ತೆ. ಇದಕ್ಕೆ ಹೆಚ್ಚು ದುಡ್ಡೂ ಬೇಡ.

ವಾರದ ಅತಿ ಒಳ್ಳೆಯ ಸಂಜೆ ಸಿಕ್ಕಿದ್ದು ಜಯನಗರದ ಒಂದು ಮನೆಯಲ್ಲಿ. ಪರಿಚಯದವರ ಮನೆ ಕಚೇರಿ. ಸೋಫಾ ಎಲ್ಲ ಮಹಡಿಗೆ ಸಾಗಿಸಿ ಜಮಖಾನ ಹಾಸಿದ್ದರು. ಮೈಕ್ ಇಲ್ಲ, ಆ್ಯಪ್ ತಂಬೂರಿಯೂ ಇಲ್ಲ. ವಿದ್ಯಾರ್ಥಿನಿಯೊಬ್ಬಳು ನಿಜವಾದ ತಂಬೂರಿ ಮೀಟುತ್ತಿದ್ದಳು. ಹಾಡಿದವರು ಹೆಸರುವಾಸಿಯಲ್ಲ. ಮೃದಂಗದವರಿಗೆ ವಯಸ್ಸಾಗಿದೆ, ಕೈಯಲ್ಲಿ ಮೊದಲಿನ ವೇಗ ಇಲ್ಲ. ಆದರೆ ಎಡಗಡೆಗೆ ರವೆ ಕಲಸಿ ಹಚ್ಚಿದ್ದ ಹದ ಇತ್ತಲ್ಲ, ಅಂಗೈ ಸ್ವಲ್ಪ ಜಾರಿಸಿ ಒತ್ತಿದರೆ ದನಿ ಕೆಳಗಿನಿಂದ ಎದ್ದು ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು. ಒಂದು ಕಡೆ ಗಾಯಕಿ ಮೋಹನ ರಾಗದಲ್ಲಿ ಮೆತ್ತಗೆ ಒಂದು ಸಂಗತಿ (ಅದೇ ಸಾಲಿನ ಹೊಸ ರೂಪ) ಹಾಕಿದಾಗ ಅವರು ನುಡಿಸುವುದನ್ನೇ ನಿಲ್ಲಿಸಿಬಿಟ್ಟರು, ತಾಳದ ಒಂದು ಆವರ್ತ ಪೂರ್ತಿ ಸುಮ್ಮನಿದ್ದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಒಂದೇ ಒಂದು ಏಟು. ಪಕ್ಕದಲ್ಲಿ ಕೂತಿದ್ದ ಘಟದ ಹುಡುಗ ‘ಅಯ್ಯೋ’ ಅಂದ, ಮೆಚ್ಚಿಕೊಂಡು. ಆ ಮೌನ ದೊಡ್ಡ ಸ್ಪೀಕರ್ ಇಟ್ಟ ಕಡೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ತನಿಯಲ್ಲಿ ಯಾರೂ ಏಳಲಿಲ್ಲ. ಎದ್ದರೆ ಇನ್ನೊಬ್ಬರ ಕಾಲು ತುಳಿಯಬೇಕಿತ್ತು, ಅದೂ ಒಂದು ಕಾರಣ ಇರಬಹುದು ಬಿಡಿ.

ಇಂಥ ಮನೆ ಕಚೇರಿಗಳು ಸಿಗುವುದು ಬಾಯಿಂದ ಬಾಯಿಗೆ, ಇಲ್ಲವೇ ಸಂಗೀತ ಕಲಿಸುವವರ ವಾಟ್ಸಾಪ್ ಗುಂಪುಗಳಲ್ಲಿ. ಅಲ್ಲಿಗೆ ದಾರಿ ಸಿಗದವರು ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಟ್ಟಿರಿ. 1945ರಿಂದ ನಡೆದುಕೊಂಡು ಬಂದಿರುವ ಜಾಗ, ಸಂಗೀತಕ್ಕೆ ಹದವಾದ ಗಾತ್ರದ ಹಾಲ್. ದೊಡ್ಡ ಹೆಸರುಗಳೇ ಬೇಕು ಅಂದರೆ ಕೋಟೆ ಹೈಸ್ಕೂಲ್ ಪೆಂಡಾಲ್‌ಗೆ ಸಾಟಿ ಇಲ್ಲ.

ಎಲ್ಲೇ ಹೋದರೂ ಮುಂದಿನ ಸಾಲಿನ ಆಸೆ ಬಿಡಿ, ಅಲ್ಲಿ ನಿಮ್ಮ ಮುಂದೆ ಸ್ಪೀಕರ್ ಇರುತ್ತೆ. ಮಧ್ಯದಲ್ಲಿ, ಮೃದಂಗದ ಬಲಮುಖ ನಿಮ್ಮ ಕಡೆಗೆ ತಿರುಗಿರುವ ಬದಿಯಲ್ಲಿ ಕೂರಿ. ತನಿ ಬಿಟ್ಟಾಗ ಏಳಲೇಬೇಕು ಅಂದರೆ ಮೊದಲ ಆವರ್ತದಲ್ಲೇ ಎದ್ದು ಹೋಗಿ. ಮುಕ್ತಾಯ ಎತ್ತುವ ಹೊತ್ತಿಗೆ ಕೈಯಲ್ಲಿ ಬೋಂಡಾ ಹಿಡಿದು ಸಾಲಿನೊಳಗೆ ನುಗ್ಗಬೇಡಿ, ಬಾಗಿಲ ಹತ್ತಿರವೇ ನಿಂತಿರಿ. ಕ್ಯಾಂಟೀನಿನವರು ಹೇಗೂ ಮಂಗಳ ಹಾಡುವವರೆಗೂ ಇರುತ್ತಾರೆ.